ಊರಿಗೆ ಹಾಕಿದ ಅಂಕ

ಹೋದ ತಿಂಗಳು ನಮ್ಮ ಶಾಲೆಯ ಪಾಲಕರ ಸಭೆ ಮುಗಿದ ಮೇಲೆ ಕಂಪ್ಲಿ ರಸ್ತೆಯ ಹಳ್ಳಿಯೊಂದರ ರೈತರೊಬ್ಬರು ನನಗಾಗಿ ಕಾದು ನಿಂತಿದ್ದರು. ಅವರ ಮಗಳು ಹತ್ತನೆಯ ತರಗತಿ, ಗಣಿತದಲ್ಲಿ ಬಲು ಚುರುಕು. "ಸಾರ್, ಈಗ ಕಂಪ್ಯೂಟರ್ ಕೆಲಸ ಎಲ್ಲಾ ಮನ್ಯಾಗ ಕುಂತೇ ಮಾಡ್ತಾರಂತಲ್ಲ. ಹಂಗಾದ್ರ ಹುಡುಗೀನ ಬೆಂಗಳೂರಿಗೆ, ಹಾಸ್ಟೆಲ್‌ಗೆ ಕಳಸೋದು ಯಾಕ? ಇಲ್ಲೇ ಏನಾರ ಓದಿಸಿ ಇಲ್ಲೇ ಕೆಲಸ ಮಾಡಿಸಿದ್ರಾತು" ಎಂದರು. ಹುಡುಗಿ ಅಪ್ಪನ ಹಿಂದೆ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಥಟ್ಟನೆ ಉತ್ತರಿಸಲಿಲ್ಲ. "ಮುಂದಿನ ವಾರ ಬರ್ರಿ, ಕುಂತು ಮಾತಾಡೋಣ" ಎಂದು ಕಳಿಸಿದೆ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಇದೇ ಪ್ರಶ್ನೆಯನ್ನು ಕೆಲವು ವರ್ಷಗಳ ಹಿಂದೆ ನಾನೇ ಹಾಕಿಕೊಂಡು, ನನಗೆ ಬೇಕಾದ ಉತ್ತರವನ್ನೇ ಬರೆದುಕೊಂಡವನು ನಾನು.

೨೦೨೦ರ ಮಾರ್ಚ್ ಮೂರನೆಯ ವಾರ ನನ್ನ ಮಗಳು ಒಂದು ಬ್ಯಾಗು, ಒಂದು ಲ್ಯಾಪ್‌ಟಾಪು ಹಿಡಿದು ಹಂಪಿ ಎಕ್ಸ್‌ಪ್ರೆಸ್ಸಿನಿಂದ ಹೊಸಪೇಟೆಯಲ್ಲಿ ಇಳಿದಳು. "ಎರಡು ವಾರ ಅಷ್ಟೇ ಅಪ್ಪ" ಎಂದಳು. ಹಿಂದೆಯೇ ಲಾಕ್‌ಡೌನ್ ಬಂತು. ಎರಡು ವಾರ ಮೂರು ವರ್ಷಕ್ಕೆ ಹತ್ತಿರವಾಯಿತು. ಮೊದಮೊದಲು ಈ ಕೆಲಸದ ಸ್ವರೂಪವೇ ನಮ್ಮ ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ನನ್ನ ತಾಯಿಯಂತೂ ‘ಮನೆಯಿಂದ ಕೆಲಸ’ ಎಂದರೆ ‘ಮನೆಗೆಲಸ’ ಎಂದೇ ತಿಳಿದು, ಮೀಟಿಂಗು ನಡೆಯುತ್ತಿರುವಾಗಲೇ ಮೊಮ್ಮಗಳ ಮುಂದೆ ಮೆಂತ್ಯ ಸೊಪ್ಪಿನ ಬುಟ್ಟಿ ಇಟ್ಟುಬಿಟ್ಟರು. ಆಕೆ ಅಮೆರಿಕದವರೊಡನೆ ಮಾತನಾಡುತ್ತಲೇ ಸೊಪ್ಪು ಬಿಡಿಸಿದಳು. ನಾನಾದರೋ ಮೇಷ್ಟ್ರು, ನನಗೆ ಗೊತ್ತಿದ್ದದ್ದು ಹೋಮ್ ವರ್ಕ್ ಒಂದೇ.

೨೦೨೩ರ ಆರಂಭದಲ್ಲಿ ಅವಳ ಕಂಪನಿಯವರು ಕೇಳಿದರು: ಬೆಂಗಳೂರಿಗೆ ಮರಳಿ ಬರುತ್ತೀರಾ, ಊರಿನಿಂದಲೇ ಮುಂದುವರಿಯುತ್ತೀರಾ? ಮಗಳು ಯೋಚನೆಗೆ ಬಿದ್ದಳು. ನನಗೆ ಯೋಚನೆಯೇ ಇರಲಿಲ್ಲ. ಹೊಸಪೇಟೆಗೆ ಏನು ಕಡಿಮೆಯಾಗಿದೆ ಎಂದು ವಾದಕ್ಕಿಳಿದೆ. ಅವಳು ನಕ್ಕು, "ಹಂಗಾದ್ರ ಎಸ್ಸೆಸ್ಸೆಲ್ಸಿ ಪೇಪರ್ ನೋಡೋ ಹಂಗ ನೋಡಿ ಮಾರ್ಕ್ಸ್ ಹಾಕು. ನಮ್ಮೂರು ಅಂತ ಗ್ರೇಸ್ ಮಾರ್ಕ್ಸ್ ಕೊಡಬಾರದು" ಎಂದಳು. ವರ್ಷಾನುಗಟ್ಟಲೆ ಮೌಲ್ಯಮಾಪನಕ್ಕೆ ಹೋದವನಿಗೆ ಅದೇನು ದೊಡ್ಡದು! ಆ ರಾತ್ರಿಯೇ ಒಂದು ಹಾಳೆಯ ಮೇಲೆ ಗೆರೆ ಹಾಕಿ, ನೂರು ಅಂಕಗಳನ್ನು ಹಂಚಿಕೊಂಡು ಕುಳಿತೆ.

ಮೊದಲು ಇಂಟರ್‌ನೆಟ್ಟು. ದೂರದ ಊರಾದರೆ ಸಂಪರ್ಕ ನಿಧಾನ ಎಂಬ ಭಾವನೆ ಬಹಳ ಜನರಲ್ಲಿದೆ. ಅದು ತಪ್ಪು ಎಂದು ಮಕ್ಕಳಿಗೆ ಲೆಕ್ಕ ಮಾಡಿ ತೋರಿಸಬಹುದು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ೨ ಲಕ್ಷ ಕಿಲೋಮೀಟರ್ ಓಡುತ್ತದೆ. ಹೊಸಪೇಟೆಯಿಂದ ಬೆಂಗಳೂರಿಗೆ ಸುಮಾರು ೩೪೦ ಕಿಲೋಮೀಟರ್. ಒಂದು ಸೆಕೆಂಡನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಎರಡು ಪಾಲೂ ಬೇಡ. ಒಮ್ಮೆ ಕಣ್ಣು ಮಿಟುಕಿಸಲು ಅದರ ಐವತ್ತು ಪಟ್ಟು ಹೊತ್ತು ಬೇಕು. ಆದ್ದರಿಂದ ಅಮೆರಿಕದವನಿಗೆ ನನ್ನ ಮಗಳು ಕೋರಮಂಗಲದಲ್ಲಿ ಕುಳಿತಿದ್ದಾಳೋ ನಮ್ಮ ಪಡಸಾಲೆಯಲ್ಲಿ ಕುಳಿತಿದ್ದಾಳೋ ತಿಳಿಯುವುದೇ ಇಲ್ಲ.

ತೊಂದರೆ ದೂರದ್ದಲ್ಲ, ಕೋತಿಗಳದ್ದು. ನಮ್ಮ ಬೀದಿಯಲ್ಲಿ ಕಂಬದಿಂದ ಕಂಬಕ್ಕೆ ಇಳಿಬಿಟ್ಟ ಕೇಬಲ್ಲು ಅವಕ್ಕೆ ಜೋಕಾಲಿ. ‘ಪೂರ್ಣ ಆಂತರಿಕ ಪ್ರತಿಫಲನ’ದ ಪಾಠದಲ್ಲಿ ನಾನು ಹೇಳುವುದುಂಟು: ಬೆಳಕು ಗಾಜಿನ ಎಳೆಯ ಗೋಡೆಗೆ ಓರೆಯಾಗಿ ತಾಗುತ್ತ, ಒಳಗೊಳಗೇ ಪುಟಿಯುತ್ತ ಮುಂದೆ ಸಾಗುತ್ತದೆ, ಎಳೆ ಹದ ಮೀರಿ ಬಾಗಿದರೆ ಹೊರಗೆ ಸೋರಿಬಿಡುತ್ತದೆ. ಪಾಠವೇನೋ ಸರಿ. ಒಂದು ಮಧ್ಯಾಹ್ನ ಮಗಳ ಮುಖ್ಯವಾದ ಮೀಟಿಂಗಿನ ನಡುವೆ ಒಂದು ಗಡವ ಕೋತಿ ಅದರ ಪ್ರಾತ್ಯಕ್ಷಿಕೆ ನಡೆಸಿ ತೋರಿಸಿತು. ಕೇಬಲ್ಲಿನ ಹುಡುಗ ಬಂದು ಏಣಿ ಹಾಕುವ ಹೊತ್ತಿಗೆ ಅವಳು ಮೊಬೈಲಿಗೆ ಲ್ಯಾಪ್‌ಟಾಪು ಜೋಡಿಸಿಕೊಂಡು ಮಾಳಿಗೆ ಮೇಲೆ ಬಿಸಿಲಲ್ಲಿ ನಿಂತಿದ್ದಳು. ಅಂದಿನಿಂದ ಎರಡನೆಯದೊಂದು ಸಂಪರ್ಕ ತೆಗೆದುಕೊಂಡೆವು. ಎಲ್ಲಕ್ಕೂ ಒಂದು ಬದಲಿ ಇರಬೇಕು. ೨೦೨೪ರ ಆಗಸ್ಟ್ ೧೦ರ ರಾತ್ರಿ ನಮ್ಮ ತುಂಗಭದ್ರಾ ಅಣೆಕಟ್ಟಿನ ೩೩ ಗೇಟುಗಳಲ್ಲಿ ೧೯ನೆಯದರ ಸರಪಳಿ ಕಡಿದು ಗೇಟೇ ಕೊಚ್ಚಿಹೋದಾಗ, ಅದರ ಜಾಗಕ್ಕೆ ತುಂಡು ತುಂಡಾಗಿ ತಡೆ ಇಳಿಸುವವರೆಗೆ ಊರಿಗೆ ಊರೇ ಉಸಿರು ಬಿಗಿಹಿಡಿದದ್ದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇಂಟರ್‌ನೆಟ್ಟಿಗೆ ಇಪ್ಪತ್ತಕ್ಕೆ ಹದಿನೈದು ಹಾಕಿದೆ.

ವಿದ್ಯುತ್ತಿಗೆ ಹದಿನಾಲ್ಕು. ಇಲ್ಲೂ ಒಂದು ಸಣ್ಣ ಲೆಕ್ಕ ಪಾಲಕರಿಗೆ ಉಪಯೋಗವಾದೀತು. ಇನ್ವರ್ಟರಿನ ೧೨ ವೋಲ್ಟ್, ೧೫೦ ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ ಗುಣಿಸಿದರೆ ೧,೮೦೦ ವಾಟ್-ಗಂಟೆ. ನಷ್ಟವೆಲ್ಲ ಕಳೆದು ೧,೨೦೦ ಸಿಕ್ಕಿತೆನ್ನಿ. ಲ್ಯಾಪ್‌ಟಾಪಿಗೆ ೬೦ ವಾಟ್, ಇಂಟರ್‌ನೆಟ್ ಪೆಟ್ಟಿಗೆಗೆ ೧೨, ಹಳೆಯ ಫ್ಯಾನಿಗೆ ೭೫, ದೀಪಕ್ಕೆ ೧೦ ಹಿಡಿದರೂ ಏಳು ಗಂಟೆ ಹೊತ್ತು ಕೆಲಸ ನಿಲ್ಲದು. ಟಿ.ವಿ. ಹಾಕದಿದ್ದರೆ! ನಮ್ಮ ಮನೆಯಲ್ಲಿ ಧಾರಾವಾಹಿಗೂ ಕಂಪನಿಗೂ ನಡೆದ ಯುದ್ಧದ ಕಥೆ ಬೇರೆಯೇ ಇದೆ.

ಖರ್ಚಿನ ಲೆಕ್ಕದಲ್ಲಿ ಹೊಸಪೇಟೆಗೆ ಇಪ್ಪತ್ತಕ್ಕೆ ಹತ್ತೊಂಬತ್ತು. ಒಂದು ಅಂಕ ಏಕೆ ಕಳೆದೆನೆಂದರೆ, ಪೂರ್ತಿ ಅಂಕ ಹಾಕುವುದು ನನ್ನ ಅಭ್ಯಾಸವಲ್ಲ. ಹವೆಗೆ ಹತ್ತಕ್ಕೆ ಐದು. ಏಪ್ರಿಲ್, ಮೇ ತಿಂಗಳಲ್ಲಿ ಪಾದರಸ ನಲವತ್ತು ದಾಟುತ್ತದೆ; ಹಗಲೆಲ್ಲ ಕಾದ ಬಂಡೆಗಳು ರಾತ್ರಿಯಿಡೀ ಆ ಶಾಖವನ್ನು ನಮಗೆ ಹಿಂದಿರುಗಿಸುತ್ತವೆ. ವೈದ್ಯಕೀಯಕ್ಕೂ ಐದೇ. ೨೦೨೧ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಕೇಂದ್ರವಾಯಿತು ನಿಜ. ಆದರೆ ಗಟ್ಟಿ ಕಾಯಿಲೆ ಬಂದರೆ ನಾವು ಈಗಲೂ ಬಳ್ಳಾರಿಗೋ ಹುಬ್ಬಳ್ಳಿಗೋ ಓಡುತ್ತೇವೆ.

ಮನಸ್ಸಿನ ಆರಾಮಕ್ಕೆ ಹತ್ತಕ್ಕೆ ಹತ್ತು ಹಾಕಿ ನನ್ನ ಅಭ್ಯಾಸವನ್ನು ಅಲ್ಲೇ ಮುರಿದೆ. ಭಾನುವಾರ ಬೆಳಗಿನ ಚಹಾ ಕುಡಿದು ಹೊರಟರೆ ಅರ್ಧ ಗಂಟೆಯಲ್ಲಿ ಹೇಮಕೂಟದ ಮೇಲೆ ಕುಳಿತಿರಬಹುದಾದ ಊರು ಇನ್ನೆಲ್ಲಿದೆ? ಹಾಗಾದರೆ ಹಂಪಿಯಲ್ಲೇ ಮನೆ ಹಿಡಿಯಬಾರದೇಕೆ ಎಂದು ಮಗಳ ಬೆಂಗಳೂರಿನ ಗೆಳತಿಯರು ಕೇಳುತ್ತಿದ್ದರು. ಹಂಪಿ ೧೯೮೬ರಿಂದ ವಿಶ್ವ ಪರಂಪರೆಯ ತಾಣ. ಅಲ್ಲಿ ಮನ ಬಂದಂತೆ ಕಟ್ಟುವ ಹಾಗಿಲ್ಲ. ನದಿಯಾಚೆಯ ವಿರೂಪಾಪುರ ಗಡ್ಡೆಯಲ್ಲಿ ವಿದೇಶಿಯರು ತಿಂಗಳುಗಟ್ಟಲೆ ಉಳಿಯುತ್ತಿದ್ದ ರೆಸಾರ್ಟುಗಳನ್ನು, ಸುಪ್ರೀಂ ಕೋರ್ಟಿನ ಆದೇಶದ ನಂತರ ೨೦೨೦ರ ಮಾರ್ಚಿನಲ್ಲಿ ಕೆಡವಲಾಯಿತು. ಹಂಪಿಯನ್ನು ನೋಡಿಕೊಂಡು ಬರಬೇಕು, ಹೊಸಪೇಟೆಯಲ್ಲಿ ಇರಬೇಕು. ಇದು ನನ್ನ ಅಭಿಪ್ರಾಯ.

ಓಡಾಟಕ್ಕೆ ಹಾಕಿದ ಅಂಕವೂ ಸೇರಿ ಒಟ್ಟು ೭೫ ಬಂತು. ಪ್ರಥಮ ದರ್ಜೆ. ಬೆಳಿಗ್ಗೆ ಹೆಮ್ಮೆಯಿಂದ ಹಾಳೆ ಮುಂದಿಟ್ಟೆ.

ಮಗಳು ಓದಿದಳು. ಕೇಬಲ್ಲು, ಬ್ಯಾಟರಿಗಳ ಲೆಕ್ಕಕ್ಕೆ ತಲೆದೂಗಿದಳು. ಆಮೇಲೆ, "ಅಪ್ಪ, ಒಂದು ಪ್ರಶ್ನೇನೇ ಬಿಟ್ಟುಬಿಟ್ಟೀಯಲ್ಲ" ಎಂದಳು. "ಇಲ್ಲಿ ನಾನು ಯಾರನ್ನ ನೋಡಿ ಕಲೀಬೇಕು?"

ಅವಳು ಹೇಳಿದ್ದು ಇಷ್ಟು. ಮೂರು ವರ್ಷ ತನಗೆ ಬರುತ್ತಿದ್ದ ಕೆಲಸವನ್ನೇ ಚೆನ್ನಾಗಿ ಮಾಡಿದ್ದಾಳೆ. ಆದರೆ ಪಕ್ಕದ ಮೇಜಿನವರು ಹೇಗೆ ಯೋಚಿಸುತ್ತಾರೆ, ಹಿರಿಯರು ಗಂಟು ಬಿದ್ದದ್ದನ್ನು ಹೇಗೆ ಬಿಡಿಸುತ್ತಾರೆ ಎಂಬುದು ಪರದೆಯ ಮೇಲೆ ಕಾಣುವುದಿಲ್ಲ. ಮೀಟಿಂಗು ಮುಗಿದ ಕೂಡಲೇ ಪರದೆ ಕಪ್ಪಾಗುತ್ತದೆ. ನಿಜವಾದ ಮಾತುಗಳು ನಡೆಯುವುದು ಅದರ ನಂತರ, ಕಾಫಿಗೆ ಹೋಗುವಾಗ. "ನಾನಾದ್ರೂ ಮೊದಲು ಮೂರು ವರ್ಷ ಆಫೀಸಿನ್ಯಾಗ ಕುಂತು ಕಲಿತೆ, ಅದನ್ನ ತಿಂದ್ಕೊಂಡು ಇದ್ದೀನಿ. ಹೊಸಾಗಿ ಸೇರಿದವರ ಪಾಡು ಏನು?"

ಅವರ ಪಾಡು ನನಗೆ ಗೊತ್ತಿತ್ತು; ಹಾಳೆ ಬರೆಯುವಾಗ ಮಾತ್ರ ಮರೆತಿದ್ದೆ. ಕಂಪ್ಲಿಯಲ್ಲಿ ಕೆಲಸ ಮಾಡುತ್ತಿದ್ದಾಗ ನನ್ನ ತರಗತಿಯಲ್ಲಿದ್ದ ಒಬ್ಬ ಹುಡುಗ ಎಂಜಿನಿಯರಿಂಗ್ ಮುಗಿಸಿ ೨೦೨೧ರಲ್ಲಿ ಕೆಲಸಕ್ಕೆ ಸೇರಿದ. ಸೇರಿದ್ದೂ ಮನೆಯಿಂದಲೇ, ಭತ್ತದ ಗದ್ದೆಯ ಅಂಚಿನ ಮನೆಯಿಂದ. ಹಳ್ಳಿಯೆಲ್ಲ ಕೊಂಡಾಡಿತು. ನಾಲ್ಕು ತಿಂಗಳಿಗೆ ಅವನು ನನ್ನ ಮನೆಗೆ ಬಂದು ಕುಳಿತು, "ಸಾರ್, ತಿಳೀಲಿಲ್ಲ ಅಂದ್ರ ಯಾರನ್ನ ಕೇಳಬೇಕು ಅನ್ನೋದೇ ನಂಗೆ ತಿಳೀವಲ್ದು" ಎಂದ. ಹತ್ತು ನಿಮಿಷದಲ್ಲಿ ಬಗೆಹರಿಯಬೇಕಾದದ್ದಕ್ಕೆ ಎರಡೆರಡು ದಿನ ಒಬ್ಬನೇ ತಿಣುಕಿದ್ದನಂತೆ. ಕೇಳಿದರೆ ದಡ್ಡನೆಂದು ತಿಳಿದಾರೆಂಬ ಅಂಜಿಕೆ. ಆರು ವರ್ಷ ಹಿಂದಿನ ಬೆಂಚಿನಲ್ಲಿ ಕುಳಿತೂ ನನ್ನನ್ನು ಪ್ರಶ್ನೆ ಕೇಳಿ ಕಾಡಿದ ಹುಡುಗ ಅವನು! ೨೦೨೨ರಲ್ಲಿ ಕಚೇರಿ ತೆರೆದದ್ದೇ ಬೆಂಗಳೂರಿಗೆ ಹೋದ. ಈಗ ಹೊಸಬರು ಪ್ರಶ್ನೆ ಹಿಡಿದುಕೊಂಡು ಅವನ ಬಳಿಯೇ ಬರುತ್ತಾರಂತೆ.

ಮನೆಯಲ್ಲಿ ಕುಳಿತು ದೂರದವರಿಗೆ ಕೆಲಸ ಮಾಡಿಕೊಡುವುದು ನಮ್ಮ ಸೀಮೆಗೆ ಹೊಸದೂ ಅಲ್ಲ. ನಾನು ಕೆಲಸಕ್ಕೆ ಮೊದಲು ಸೇರಿದ್ದು ಸಂಡೂರು ತಾಲ್ಲೂಕಿನ ಶಾಲೆಗೆ. ಅಲ್ಲಿಯ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಬಾಗಿಲಲ್ಲಿ ಕುಳಿತು ಕನ್ನಡಿ ಚೂರು, ಕವಡೆ ಹೊಲಿಯುತ್ತಾರೆ. ಆ ಬಟ್ಟೆ ದೇಶಾಂತರಗಳಿಗೆ ಹೋಗುತ್ತದೆ. ಸಂಡೂರು ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಯ ಮಾನ್ಯತೆಯಿದೆ. ೨೦೨೩ರ ಜುಲೈನಲ್ಲಿ ಹಂಪಿಯಲ್ಲಿ ಜಿ-೨೦ ಸಭೆ ನಡೆದಾಗ ೧,೭೫೫ ಕಸೂತಿಗಳ ಪ್ರದರ್ಶನ ಗಿನ್ನೆಸ್ ದಾಖಲೆ ಮಾಡಿತು. ಈ ಹೆಂಗಸರಿಗಿಂತ ಮನೆಯಿಂದ ಕೆಲಸ ಬಲ್ಲವರು ಯಾರು? ಆದರೆ ಅಲ್ಲಿ ಯಾವ ಹುಡುಗಿಯೂ ಒಬ್ಬಳೇ ಕುಳಿತು ಸೂಜಿ ಹಿಡಿದದ್ದನ್ನು ನಾನು ಕಂಡಿಲ್ಲ. ತಾಯಿಯ ಮಗ್ಗುಲಲ್ಲಿ, ಅಜ್ಜಿಯ ಮಗ್ಗುಲಲ್ಲಿ ಕೂರುತ್ತಾಳೆ. ಹೊಲಿಗೆ ತಪ್ಪಿದರೆ ಅಜ್ಜಿ ಮಾತಾಡುವುದಿಲ್ಲ, ದಾರ ಬಿಚ್ಚಿ ಕೈಗೆ ಕೊಡುತ್ತಾಳೆ.

ಮಗಳು ಇನ್ನೊಂದು ವಿಷಯವನ್ನೂ ಹೇಳಿದಳು. ಅಮೆರಿಕದ ಓಕ್ಲಹೋಮಾ ರಾಜ್ಯದಲ್ಲಿ ಟಲ್ಸಾ ಎಂಬ ಊರಿದೆ. ಒಂದು ಕಾಲಕ್ಕೆ ತೈಲದ ರಾಜಧಾನಿ ಎನ್ನಿಸಿಕೊಂಡಿದ್ದ ಈ ಊರಿನ ಜನಸಂಖ್ಯೆ ೪ ಲಕ್ಷದ ಆಸುಪಾಸು. ೨೦೧೧ರ ಜನಗಣತಿಯಲ್ಲಿ ಹೊಸಪೇಟೆಯದು ೨ ಲಕ್ಷ ದಾಟಿತ್ತು. ೨೦೧೮ರಿಂದ ಅಲ್ಲಿ ಒಂದು ಯೋಜನೆ ನಡೆದಿದೆ: ಮನೆಯಿಂದ ಕೆಲಸ ಮಾಡುವವರು ಆ ಊರಿಗೆ ಬಂದು ವರ್ಷವಿದ್ದರೆ ೧೦ ಸಾವಿರ ಡಾಲರ್ ಕೊಡುತ್ತಾರೆ. ನನಗೆ ನಮ್ಮ ಅದಿರಿನ ದಿನಗಳು ನೆನಪಾದವು. ಗಣಿಯ ಭರಾಟೆಯಲ್ಲಿ ಸಂಡೂರಿನ ನನ್ನ ಕೆಲವು ವಿದ್ಯಾರ್ಥಿಗಳು ಕಾಲೇಜು ಬಿಟ್ಟು ಲಾರಿ ಹಿಂದೆ ಹೋದರು. ೨೦೧೧ರ ಜುಲೈನಲ್ಲಿ ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿದಾಗ ಲಾರಿಯೂ ಇಲ್ಲ, ಓದೂ ಇಲ್ಲವಾಯಿತು. ನೆಲದಡಿಯ ಸಂಪತ್ತನ್ನೇ ನಂಬಿದ ಊರು ಇನ್ನೊಂದು ದಾರಿ ಹುಡುಕುವುದು ಬುದ್ಧಿವಂತಿಕೆಯೇ ಸರಿ. "ನೋಡು, ಅವರೇ ದುಡ್ಡು ಕೊಟ್ಟು ಕರೀತಾರ!" ಎಂದೆ. "ಯಾರನ್ನ ಕರೀತಾರ ಅದನ್ನೂ ಕೇಳು" ಎಂದಳು. ಮೊದಲೇ ಪೂರ್ಣಾವಧಿ ಕೆಲಸವಿದ್ದು, ಅದನ್ನು ಹೊತ್ತು ತರಬಲ್ಲವರನ್ನು ಮಾತ್ರ. ಬಂದವರು ಒಟ್ಟಿಗೆ ಕುಳಿತು ಕೆಲಸ ಮಾಡಲೆಂದು ಜಾಗವನ್ನೂ ಒದಗಿಸುತ್ತಾರೆ. ನಮ್ಮಲ್ಲೇ, ತಮಿಳುನಾಡಿನ ತೆಂಕಾಶಿಯ ಹತ್ತಿರದ ಹಳ್ಳಿಯಲ್ಲಿ ಜೋಹೊ ಕಂಪನಿ ೨೦೧೧ರಲ್ಲಿ ಮಾಡಿದ್ದೂ ಕಚೇರಿಯನ್ನೇ: ಊರಿನ ಮಕ್ಕಳು ಬಂದು ಒಂದೆಡೆ ಕೂರುವ ಕಚೇರಿ.

ಹಾಳೆಯನ್ನು ಹಿಂದಕ್ಕೆ ತೆಗೆದುಕೊಂಡೆ. ‘ಕಲಿಕೆ’ ಎಂದು ಇನ್ನೊಂದು ಸಾಲು ಬರೆದೆ. ಅಂಕ ಹಾಕಲು ಕೈ ಬರಲಿಲ್ಲ. ಆಗಲೇ ನನಗೆ ನನ್ನ ಕಳ್ಳತನ ತಿಳಿದದ್ದು. ನಾನು ಊರಿನ ಮೌಲ್ಯಮಾಪನ ಮಾಡಿರಲಿಲ್ಲ; ಮಗಳು ಕಣ್ಣೆದುರಿಗೆ ಇರಲಿ ಎಂಬ ಆಸೆಗೆ ಅಂಕಪಟ್ಟಿ ತಯಾರಿಸಿದ್ದೆ. ಮಗನಾಗಿದ್ದರೆ ಕೋತಿ, ಬ್ಯಾಟರಿ, ಹೇಮಕೂಟ ಎಂದೆಲ್ಲ ಇಷ್ಟು ಉದ್ದ ಬರೆಯುತ್ತಿದ್ದೆನೇ? ಬಹುಶಃ ಸ್ಟೇಷನ್ನಿಗೆ ಹೋಗಿ ಟಿಕೇಟು ಮಾಡಿಸಿಕೊಡುತ್ತಿದ್ದೆ. ಇದನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳದಿದ್ದದ್ದಕ್ಕೆ ಇನ್ನಷ್ಟು ನಾಚಿಕೆಯಾಯಿತು.

ಯುಗಾದಿ ಮುಗಿಸಿಕೊಂಡು ಅವಳು ಹೊರಟಳು. ರಾತ್ರಿಯ ರೈಲಿಗೆ ನಾನೇ ಬಿಟ್ಟುಬಂದೆ. ನನ್ನ ತಾಯಿ ಡಬ್ಬಿಯ ತುಂಬ ಶೇಂಗಾ ಹೋಳಿಗೆ ಕಟ್ಟಿಕೊಟ್ಟು, "ಅಲ್ಲೂ ಮನೆಗೆಲಸಾನೇ ಏನವ್ವಾ?" ಎಂದು ಕೇಳಿದರು. ಅವಳು ಈಗ ನಾಲ್ಕು ಜನರಿಗೆ ಕೆಲಸ ಕಲಿಸುವ ಜಾಗದಲ್ಲಿದ್ದಾಳೆ. ದಸರಾ, ದೀಪಾವಳಿಗೆ ಬಂದಾಗ ಹತ್ತು ಹದಿನೈದು ದಿನ ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಆ ದಿನಗಳಲ್ಲಿ ನಮ್ಮೂರು ೭೫ ಅಂಕದ ಊರೇ, ಅನುಮಾನವಿಲ್ಲ.

ಹೇಳಿದ ಹಾಗೆ ಆ ರೈತರು ಮರುವಾರ ಬಂದರು, ಮಗಳನ್ನೂ ಕರೆದುಕೊಂಡು. ನಾನು ಉಪದೇಶ ಮಾಡಲಿಲ್ಲ. ಗದ್ದೆಯಂಚಿನ ಮನೆಯ ಆ ಹುಡುಗನ ಕಥೆ ಹೇಳಿದೆ, ನನ್ನ ಅಂಕಪಟ್ಟಿಯ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳಿದೆ. ಕಲಿತು ಬಂದ ಮೇಲೆ ಇಲ್ಲಿ ಕೂತು ಕೆಲಸ ಮಾಡಲು ಯಾವ ಅಡ್ಡಿಯೂ ಇಲ್ಲ, ಆದರೆ ಕಲಿಯಲು ಹೋಗಬೇಕಾಗುತ್ತದೆ ಎಂದೆ. ಅವರು ಬಹಳ ಹೊತ್ತು ಟವೆಲ್ಲಿನ ಅಂಚು ಹೊಸೆಯುತ್ತ ಕುಳಿತರು. ಕೊನೆಗೆ, "ನಿಮ್ಮ ಮಗಳು ಅಲ್ಲಿ ಒಬ್ಬಾಕಿನೇ ಇರ್ತಾಳೇನ್ರಿ?" ಎಂದು ಕೇಳಿದರು. ಇಬ್ಬರು ಗೆಳತಿಯರ ಜೊತೆ ಮನೆ ಮಾಡಿಕೊಂಡಿದ್ದಾಳೆ ಎಂದೆ. "ನೋಡೋಣ ಸಾರ್" ಎಂದು ಎದ್ದರು.

ಹುಡುಗಿ ಬಾಗಿಲವರೆಗೆ ಹೋಗಿ ಹಿಂದಿರುಗಿ ಬಂದಳು. "ಸಾರ್, ಹಾಸ್ಟೆಲ್ ಅರ್ಜಿ ಯಾವಾಗ ಕೊಡ್ತಾರ್ರಿ?"