ಅಮ್ಮನ ಭರಣಿ ಮತ್ತು ಕುರ್ಲಾದ ಶಾಕಪ್

ಮುಂಬಯಿಯಲ್ಲಿ ಹುಟ್ಟಿ ಬೆಳೆದ ಕರಾವಳಿಯ ಮನೆಗಳ ಮಕ್ಕಳಿಗೆ ‘ಊರಿಗೆ ಹೋಗುವುದು’ ಎಂದರೆ ಮಧ್ಯಾಹ್ನ ರೈಲು ಹತ್ತಿ, ಮರುದಿನ ಬೆಳಗಿನ ಜಾವ ಉಡುಪಿಯಲ್ಲಿ ಕಣ್ಣುಜ್ಜುತ್ತಾ ಇಳಿಯುವುದು. 1998ರ ಜನವರಿಯಲ್ಲಿ ಕೊಂಕಣ ರೈಲಿನ ದಾರಿ ಪೂರ್ತಿ ತೆರೆಯುವ ಮುಂಚೆ ನಮ್ಮ ಪಾಲಿಗೆ ಅದು ಹಗಲೂ ರಾತ್ರಿಯೂ ಸಾಗುವ ಬಸ್ಸಿನ ಪ್ರಯಾಣವಾಗಿತ್ತು. ಟಿಕೆಟು ತಡವಾಗಿ ತೆಗೆದವರಿಗೆ ಕೊನೆಯ ಸಾಲು. ಹಿಂದಿನ ಚಕ್ರಕ್ಕಿಂತಲೂ ಹಿಂದೆ ಇರುವ ಆ ಸೀಟುಗಳು ಏತದ ತುದಿಯಿದ್ದಂತೆ. ಚಕ್ರ ಒಂದು ಗೇಣು ಹಾರಿದರೆ ಕೂತವರು ಒಂದೂವರೆ ಗೇಣು ಹಾರುತ್ತಾರೆ. ಅಂಥ ಸೀಟಿನಲ್ಲಿ ಅಮ್ಮ ಊರಿನಿಂದ ಬರುವಾಗಲೆಲ್ಲ ಮಿಡಿ ಉಪ್ಪಿನಕಾಯಿಯ ಭರಣಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಿದ್ದಳು. ಕೆಳಗಿಟ್ಟರೆ ಒಡೆಯುತ್ತದೆ ಎಂಬ ಭಯ. ಘಾಟಿಯಲ್ಲಿ ನಮ್ಮ ತಲೆ ಕಿಟಕಿಗೆ ಬಡಿದರೂ ಭರಣಿಗೆ ಒಂದು ಗೀರೂ ಬೀಳಲಿಲ್ಲ.

ಆ ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಬೆನ್ನುಮೂಳೆ ಸವೆದಿದೆ. ರೈಲಿನ ಮೆಟ್ಟಿಲು ಹತ್ತಲಾರಳು, ಎರಡು ತಾಸಿಗಿಂತ ಹೆಚ್ಚು ಒಂದೇ ಸಮನೆ ಕೂರಲಾರಳು. ಆದರೂ ‘ಒಮ್ಮೆ ಮನೆ ನೋಡಿ ಬರಬೇಕು’ ಎಂಬ ಮಾತು ಬಿಡುವುದಿಲ್ಲ. ದಾರಿ ಹುಡುಕಿದವನು ನನ್ನ ಸೋದರಳಿಯ. ಕಾರಿನ ಹಿಂದೆ ಕಟ್ಟಿ ಎಳೆಯುವ, ಎರಡು ಚಕ್ರದ, ಒಂದು ಮಂಚ ಒಂದು ಒಲೆ ಒಂದು ಪಾಯಿಖಾನೆ ಇರುವ ಚಿಕ್ಕ ಟ್ರೇಲರ್ ಮನೆಯನ್ನು ಸೆಕೆಂಡ್‌ಹ್ಯಾಂಡಿನಲ್ಲಿ ಕೊಂಡು ತಂದ. ಓಡುವಾಗ ಅದರೊಳಗೆ ಯಾರೂ ಕೂರುವಂತಿಲ್ಲ. ಎರಡು ತಾಸಿಗೊಮ್ಮೆ ನಿಲ್ಲಿಸಿ ಅಜ್ಜಿಯನ್ನು ಮಲಗಿಸುವುದು ಅವನ ಯೋಜನೆ.

ಪರೀಕ್ಷೆಗೆಂದು ನಾವಿಬ್ಬರೇ ಮೊದಲು ಅಲಿಬಾಗಿಗೆ ಹೊರಟೆವು. ವಾಶಿ ಸೇತುವೆ, ಪನ್ವೇಲ್, ಪೇಣ್, ವಡಖಳ. ಪೇಣ್ ಬರುವಷ್ಟರಲ್ಲಿ ಟ್ರೇಲರ್ ಕುಣಿಯತೊಡಗಿತ್ತು. ಗುಂಡಿ ದಾಟಿ ಎಷ್ಟೋ ದೂರ ಬಂದರೂ ಅದರ ಮೂಗು ಏಳುತ್ತಾ ಬೀಳುತ್ತಾ ಕಾರಿನ ಬೆನ್ನಿಗೆ ಗುದ್ದುತ್ತಿತ್ತು. ಅಲಿಬಾಗಿನಲ್ಲಿ ಬಾಗಿಲು ತೆರೆದರೆ ದೋಸೆ ಹಿಟ್ಟು ಗೋಡೆಯ ಮೇಲೆ, ಲೋಟಗಳು ಮಂಚದ ಮೇಲೆ, ತೆಂಗಿನೆಣ್ಣೆ ಎಲ್ಲದರ ಮೇಲೆ.

“ಮಾವ, ಕಮಾನಿಗೆ ಇನ್ನೊಂದು ಪಟ್ಟಿ ಹಾಕಿಸೋಣವೇ?” ಎಂದ ಅಳಿಯ.

“ನನ್ನನ್ನು ಕೇಳಬೇಡ ಮಾರಾಯ, ಕುರ್ಲಾಕ್ಕೆ ಹೋಗೋಣ” ಎಂದೆ.

ಕುರ್ಲಾದ ಸಿ.ಎಸ್.ಟಿ. ರಸ್ತೆಯನ್ನು ನೀವು ಬಸ್ಸಿನ ಕಿಟಕಿಯಿಂದ ನೋಡಿರುತ್ತೀರಿ. ಒಮ್ಮೆ ಇಳಿದು ನಡೆಯಿರಿ. ಹಳೆಯ ಗಾಡಿಗಳ ಬಾಗಿಲು, ಗಾಜು, ಗೇರ್‌ಬಾಕ್ಸು ಎಲ್ಲ ಅಂಗಡಿಯ ಮುಂದೆ ರಾಶಿ ಬಿದ್ದಿರುತ್ತದೆ. ಪಟ್ಟಿ ಸ್ಪ್ರಿಂಗಿಗೆ ಇಲ್ಲಿ ‘ಕಮಾನಿ’ ಎನ್ನುತ್ತಾರೆ, ಶಾಕ್ ಅಬ್ಸಾರ್ಬರಿಗೆ ‘ಶಾಕಪ್’. ಹತ್ತಿರದಲ್ಲೇ ಎಲ್.ಬಿ.ಎಸ್. ಮಾರ್ಗದಲ್ಲಿ ಕಮಾನಿ ಎಂಬ ಹೆಸರಿನ ಜಾಗವೂ ಇದೆ. ಆದರೆ ಆ ಹೆಸರು ಬಂದದ್ದು ಸ್ಪ್ರಿಂಗಿನಿಂದಲ್ಲ, ಅಲ್ಲಿದ್ದ ಕಾರ್ಖಾನೆಯಿಂದ!

ಗ್ಯಾರೇಜಿನ ಚಾಚಾ ಮಾತಾಡದೆ ಟ್ರೇಲರಿನ ಒಂದು ಮೂಲೆಯನ್ನು ಮೈಭಾರ ಹಾಕಿ ಒತ್ತಿ, ಬಿಟ್ಟರು. ಅದು ಏಳು ಬೀಳು, ಏಳು ಬೀಳು ಎಂದು ನಾಲ್ಕೈದು ಸಲ ತೂಗಿತು. ಆಮೇಲೆ ನಮ್ಮ ಕಾರನ್ನು ಹಾಗೆಯೇ ಒತ್ತಿದರು. ಅದು ಎದ್ದು, ಸುಮ್ಮನೆ ನಿಂತಿತು. “ಕಮಾನಿ ವಜನ್ ಉಠಾತೀ ಹೈ, ಶಾಕಪ್ ಉಸ್ಕೋ ಚುಪ್ ಕರಾತಾ ಹೈ” ಎಂದರು. ಭಾರ ಹೊರುವುದು ಕಮಾನಿ. ಅದನ್ನು ಸುಮ್ಮನಾಗಿಸುವುದು ಶಾಕಪ್. ನಮ್ಮ ಟ್ರೇಲರಿಗೆ ಶಾಕಪ್ಪೇ ಇರಲಿಲ್ಲ.

ಲಾರಿಯ ಕಮಾನಿಯಲ್ಲಿ ಹತ್ತಾರು ಪಟ್ಟಿಗಳು ಒಂದಕ್ಕೊಂದು ಉಜ್ಜುತ್ತವೆ. ಆ ಉಜ್ಜಾಟವೇ ಕುಣಿತವನ್ನು ಒಂದಿಷ್ಟು ತಡೆಯುತ್ತದೆ. ನಮ್ಮದರಲ್ಲಿದ್ದದ್ದು ಮೂರೇ ಪಟ್ಟಿ. ಇನ್ನೊಂದು ಸೇರಿಸಿದರೆ ಸ್ಪ್ರಿಂಗು ಬಿರುಸಾಗಿ, ಹಗುರ ಗಾಡಿ ಇನ್ನೂ ಹೆಚ್ಚು ಹಾರುತ್ತಿತ್ತು. ಶಾಕಪ್ ಎಂದರೆ ಎಣ್ಣೆ ತುಂಬಿದ ಕೊಳವೆ. ಒಳಗಿನ ಪಿಸ್ಟನ್ ಚಲಿಸಬೇಕಾದರೆ ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಸುಳಬೇಕು. ಗಾಡಿಯ ಕುಣಿತ ಅಲ್ಲಿ ಬಿಸಿಯಾಗಿ ಕರಗಿಹೋಗುತ್ತದೆ.

ಚಾಚಾ ಮೊದಲು ಸವೆದ ರಬ್ಬರ್ ಬುಷ್‌ಗಳನ್ನು ಬದಲಾಯಿಸಿದರು, ಟಯರಿನಲ್ಲಿ ಅತಿಯಾಗಿದ್ದ ಗಾಳಿಯನ್ನು ಭಾರಕ್ಕೆ ತಕ್ಕಷ್ಟು ಇಳಿಸಿದರು. ಅಳಿಯ ಜೀಪಿನ ದಪ್ಪ ಶಾಕಪ್ ಆರಿಸಿದ್ದ. ಹಗುರ ಗಾಡಿಗೆ ಅದು ಕಬ್ಬಿಣದ ಕೋಲಿನಂತಾಗುತ್ತದೆಂದು ಚಾಚಾ ಮೃದುವಾದ ಜೋಡಿ ಕೊಟ್ಟರು. ಸಾಮಾನೆಲ್ಲ ತುಂಬಿಸಿ ನಿಲ್ಲಿಸಿ, ಶಾಕಪ್ ತನ್ನ ಓಟದ ನಡುವಿನಲ್ಲಿ ಇರುವಂತೆ ಅಳತೆ ತೆಗೆದರು. ಇಲ್ಲವಾದರೆ ದೊಡ್ಡ ಗುಂಡಿಯಲ್ಲಿ ಅದು ತುದಿಗೆ ಬಡಿದು ಮುರಿಯುತ್ತದೆ. ಕೆಳತುದಿಯ ಬ್ರಾಕೆಟ್ಟನ್ನು ಆಕ್ಸಲಿಗೆ ವೆಲ್ಡ್ ಮಾಡದೆ ಬೋಲ್ಟಿನಿಂದ ಬಿಗಿದರು. ವೆಲ್ಡಿಂಗಿನ ಬಿಸಿಗೆ ಆಕ್ಸಲ್ ಸೊಟ್ಟಗಾಗಬಹುದು, ಬಲ ಕುಂದಬಹುದು. ಮೇಲ್ತುದಿ ಚಾಸಿಗೆ.

ಅದೇ ಅಲಿಬಾಗ್ ರಸ್ತೆಯಲ್ಲಿ ಮತ್ತೆ ಹೋದೆವು. ಗುಂಡಿಗಳು ಇದ್ದಲ್ಲೇ ಇದ್ದವು. ಶಾಕಪ್ ಗುಂಡಿ ಮುಚ್ಚುವುದಿಲ್ಲ. ಆದರೆ ಟ್ರೇಲರ್ ಒಮ್ಮೆ ತಗ್ಗಿ, ಎದ್ದು, ನಿಲ್ಲುತ್ತಿತ್ತು. ಹಿಟ್ಟು ಪಾತ್ರೆಯಲ್ಲೇ ಇತ್ತು. ಅಳಿಯ ಕೆಳಗೆ ಬಗ್ಗಿ ಶಾಕಪ್ ಮುಟ್ಟಿದ. “ಬೆಚ್ಚಗಿದೆ ಮಾವ!”

ನೀವೂ ಇದನ್ನು ದಿನಾ ಅನುಭವಿಸುತ್ತೀರಿ. 2007ರಿಂದ ಬಂದ ಹೊಸ ಲೋಕಲ್ ರೈಲುಗಳ ಬೋಗಿಯ ಕೆಳಗೆ ಉಕ್ಕಿನ ಸುರುಳಿಗಳ ಜತೆಗೆ ಗಾಳಿ ತುಂಬಿದ ರಬ್ಬರ್ ಸ್ಪ್ರಿಂಗುಗಳೂ ಇವೆ. ಹಳೆಯ ಗಾಡಿಗಳಲ್ಲಿ ನೇತಾಡಿ ಕೆಲಸಕ್ಕೆ ಹೋದ ನಿಮ್ಮ ಅಪ್ಪಂದಿರನ್ನು ಕೇಳಿ, ವ್ಯತ್ಯಾಸ ಹೇಳುತ್ತಾರೆ.

ಅಮ್ಮನನ್ನು ಕರೆದುಕೊಂಡು ಹಳೆಯ ಬಸ್ಸಿನ ದಾರಿಯಲ್ಲೇ ಹೊರಟೆವು: ಪುಣೆ, ಸಾತಾರಾ, ಕೊಲ್ಹಾಪುರ. ನಿಪ್ಪಾಣಿಯಲ್ಲಿ ಕನ್ನಡ ಬೋರ್ಡು ಕಂಡಾಗ ಅಮ್ಮ ಓದಿ ಹೇಳಿದಳು, ಅಳಿಯ ಅವಳ ಹಿಂದೆಯೇ ಅಕ್ಷರ ಕೂಡಿಸಿ ಓದಿದ. ಬೆಳಗಾವಿ, ಹುಬ್ಬಳ್ಳಿ, ಯಲ್ಲಾಪುರ ದಾಟಿ, ಅರಬೈಲು ಘಾಟಿ ಇಳಿದು ಅಂಕೋಲೆಗೆ ಬಂದೆವು. ಎರಡು ರಾತ್ರಿ ಟ್ರೇಲರಿನಲ್ಲೇ ಮಲಗಿದಳು. ಬೆನ್ನು ನೋಯಿತೇ ಎಂದರೆ “ನೋವು ಮುಂಬಯಿಯಲ್ಲೂ ಇತ್ತಲ್ಲ” ಎಂದಳು. ಮನೆ ತಲುಪಿ ಅಂಗಳದಲ್ಲಿ ಬಹಳ ಹೊತ್ತು ಕೂತಳು.

ಹಿಂದಿರುಗುವ ದಿನ ಅವಳ ಕೈಯಲ್ಲಿ ಮತ್ತೆ ಭರಣಿ. ಕಾರಿನಲ್ಲಿ ಕೂತು ಮಡಿಲಲ್ಲಿ ಇಟ್ಟುಕೊಂಡಳು.

“ಅಜ್ಜಿ, ಕೊಡಿ, ಟ್ರೇಲರಿನಲ್ಲಿ ಇಡುತ್ತೇನೆ. ಈಗ ಒಡೆಯುವುದಿಲ್ಲ.”

ಅವಳು ಅವನ ಮುಖವನ್ನು ಒಮ್ಮೆ ನೋಡಿ, ಭರಣಿ ಕೊಟ್ಟಳು. ನನಗೆ ನೆನಪಿದ್ದಂತೆ ಅವಳು ಅದನ್ನು ಬೇರೆಯವರ ಕೈಗೆ ಕೊಟ್ಟದ್ದು ಅದೇ ಮೊದಲು. ಅಳಿಯ ದಾರಿಯುದ್ದಕ್ಕೂ ನಿಂತಲ್ಲೆಲ್ಲ ಇಳಿದು ಶಾಕಪ್ಪಿನ ಬೋಲ್ಟು ಬಿಗಿ ನೋಡಿದ, ಒಳಗೆ ಹೋಗಿ ಭರಣಿ ನೋಡಿದ. ಮುಂಬಯಿ ಸೇರಿದಾಗ ಅದಕ್ಕೆ ಒಂದು ಗೀರೂ ಬಿದ್ದಿರಲಿಲ್ಲ.