ರೈಡರ್ ಹೊರಗೆ ಕೂತಾಗ

ನಾವು ಮೂವರು. ಒಬ್ಬ ಬೈಂದೂರು, ಒಬ್ಬ ಬ್ರಹ್ಮಾವರ, ನಡುವೆ ಕುಂದಾಪುರ. ಹಾಸ್ಟೆಲಲ್ಲಿ ನಮ್ಮ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ. ಉಳಿದವರಿಗೆ ನಾವು ಊರಿನ ಹೆಸರೇ. "ಬೈಂದೂರು, ಚಾರ್ಜರ್ ಕೊಡೋ" ಅಂತಾರೆ, ಅವ ಕೊಡ್ತಾನೆ. ನಾವು ಮಾತಾಡುವ ಕನ್ನಡ ಬೆಂಗಳೂರು ಕಡೆಯವರಿಗೆ ಅರ್ಧ ಅರ್ಥವಾಗುತ್ತದೆ, ಇನ್ನರ್ಧಕ್ಕೆ ನಗುತ್ತಾರೆ. ಆದರೆ ಕಬಡ್ಡಿ ವಿಷಯ ಬಂದಾಗ ಅವರೇ ನಮ್ಮ ರೂಮಿಗೆ ಬರುತ್ತಾರೆ. ಫ್ಯಾಂಟಸಿ ತಂಡ ಕಟ್ಟುವ ಮೊದಲು ಇಡೀ ಫ್ಲೋರಿಗೆ ಬೇಕಾದದ್ದು ನಮ್ಮ "ಅಂದಾಜು".

ಅಂದಾಜು ಅಂದರೆ ಇಷ್ಟೆ. ಪ್ರೊ ಕಬಡ್ಡಿ ಶುರುವಾಗುವ ಹೊತ್ತಿಗೆ ಬೆಂಗಳೂರು ಬುಲ್ಸ್‌ನ ರೈಡರ್‌ಗಳ ಪಟ್ಟಿ ಮಾಡಿ, ಯಾರು ಎಷ್ಟು ಅಂಕ ತರಬಹುದು, ಯಾರನ್ನು ನಾಯಕನನ್ನಾಗಿ ಹಾಕಬೇಕು ಅಂತ ಒಂದು ಎ4 ಹಾಳೆಯಲ್ಲಿ ಬರೆದು ಬಾಗಿಲ ಹಿಂದೆ ಅಂಟಿಸುವುದು. ಗೊತ್ತಿಲ್ಲದವರಿಗೆ ಹೇಳುವುದಾದರೆ, ಏಳು ಆಟಗಾರರನ್ನು ಆರಿಸಬೇಕು, ನಾಯಕನ ಅಂಕ ಎರಡು ಪಟ್ಟು, ಉಪನಾಯಕನದ್ದು ಒಂದೂವರೆ ಪಟ್ಟು. ಹಾಗಾಗಿ ಎಲ್ಲರೂ ರೈಡರ್‌ನನ್ನೇ ನಾಯಕ ಮಾಡುತ್ತಾರೆ. ಡಿಫೆಂಡರ್ ಪಂದ್ಯಕ್ಕೆ ಐದು ಅಂಕ ತಂದರೆ ಹೈ ಫೈವ್ ಅಂತ ಹಬ್ಬ. ರೈಡರ್‌ಗೆ ಹತ್ತು ಬಂದರೂ "ಸರಿ, ಬಂತು" ಅಷ್ಟೆ.

ನಮಗೆ ಈ ಹುಚ್ಚು ಹಿಡಿದದ್ದು ಆ್ಯಪ್‌ನಿಂದಲ್ಲ. ನಮ್ಮ ಕಡೆ ಮಳೆ ಬಿಟ್ಟು ಗದ್ದೆ ಒಣಗಿದ ಮೇಲೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಇಲ್ಲದ ಶನಿವಾರ ಸಿಗುವುದು ಕಷ್ಟ. ಯುವಕ ಮಂಡಲದ ಬ್ಯಾನರ್, ಮೈಕಲ್ಲಿ ಒಬ್ಬರು ಗಂಟಲು ಹರಿಯುವ ತನಕ ಕಾಮೆಂಟರಿ, ಚರುಮುರಿ ಗಾಡಿ, ರಾತ್ರಿ ಎರಡಕ್ಕೂ ಮುಗಿಯದ ಸೆಮಿಫೈನಲ್. ಕೊನೆಗೆ ಮೂರು ಟ್ರೋಫಿ ಬೇರೆ ಇರುತ್ತವೆ: ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಆಟಗಾರ. ಫ್ಯಾಂಟಸಿಯವರು ಈಗ ಕಂಡುಹಿಡಿದ ಹಾಗೆ ಹೇಳುವುದನ್ನು ನಮ್ಮ ಊರಿನ ಪಂದ್ಯಾಟದ ಟೇಬಲ್ ಮೇಲೆ ನಾವು ಚಿಕ್ಕಂದಿನಲ್ಲೇ ನೋಡಿದ್ದೆವು.

2019ರ ಜನವರಿ 5ರ ರಾತ್ರಿ ನಾವಿನ್ನೂ ಹೈಸ್ಕೂಲು. ಒಬ್ಬರಿಗೊಬ್ಬರು ಗುರುತೂ ಇಲ್ಲ. ಆದರೆ ಮೂವರೂ ಮೂರು ಮನೆಯಲ್ಲಿ ಅದೇ ಫೈನಲ್ ನೋಡುತ್ತಿದ್ದೆವು. ಬುಲ್ಸ್ 38, ಗುಜರಾತ್ 33. ಪವನ್ ಸೆಹ್ರಾವತ್ ಒಬ್ಬನೇ 22 ರೈಡ್ ಅಂಕ. ಅದೇ ವರ್ಷ ಅಕ್ಟೋಬರ್‌ನಲ್ಲಿ ಹರಿಯಾಣ ಸ್ಟೀಲರ್ಸ್ ಮೇಲೆ ಒಂದೇ ಪಂದ್ಯದಲ್ಲಿ 39 ಹೊಡೆದ. ಅದಕ್ಕೂ ಮೊದಲು, ಹೆಸರಿನಲ್ಲೇ ನಮ್ಮ ಕರಾವಳಿ ಇರುವ ರಿಶಾಂಕ್ ದೇವಾಡಿಗ ಯುಪಿ ಯೋಧಾ ಪರ ಜೈಪುರದ ಮೇಲೆ 28 ರೈಡ್ ಅಂಕ ತಂದದ್ದು ನಮಗೆ ದೊಡ್ಡ ಸಂಗತಿಯಾಗಿತ್ತು. ಅಂಥ ರಾತ್ರಿಗಳನ್ನು ನೋಡಿ ಬೆಳೆದವರಿಗೆ ರೈಡರ್ ಅಂದರೆ ಒಬ್ಬನೇ ಹೋಗಿ ಎಲ್ಲ ಮುಗಿಸಿ ಬರುವವ. ನಮ್ಮ ಅಂದಾಜಿನ ತಪ್ಪು ಅಲ್ಲಿಂದಲೇ ಶುರು.

ನಾವು ದ್ವಿತೀಯ ಪಿಯುಸಿಯಲ್ಲಿದ್ದಾಗ, 2021ರ ಅಕ್ಟೋಬರ್‌ನಲ್ಲಿ, ಕರ್ನಾಟಕ ಸರ್ಕಾರ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ತಮಾಷೆ ನೋಡಿ, ಆ ಸೀಸನ್‌ನ ಎಲ್ಲ ಪಂದ್ಯಗಳೂ ನಡೆದದ್ದು ಬೆಂಗಳೂರಿನಲ್ಲೇ, ಪ್ರೇಕ್ಷಕರಿಲ್ಲದೆ. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಕಲಂಗಳನ್ನು ರದ್ದು ಮಾಡಿತು. ಅದೇ ವರ್ಷ ನಾವು ಇಲ್ಲಿಗೆ ಬಂದು ಸೇರಿದೆವು.

ಈಗ 11ನೇ ಸೀಸನ್‌ಗೆ ಬರೋಣ, 2024. ಹರಾಜಿನಲ್ಲಿ ಬುಲ್ಸ್ ಪ್ರದೀಪ್ ನರ್ವಾಲ್‌ನನ್ನು ತೆಗೆದುಕೊಂಡಿತು. ಲೀಗ್‌ನ ಇತಿಹಾಸದಲ್ಲೇ ಅತಿ ಹೆಚ್ಚು ರೈಡ್ ಅಂಕ ಇರುವವ, ಪಟ್ನಾಕ್ಕೆ ಸಾಲಾಗಿ ಮೂರು ಕಪ್ ಗೆದ್ದುಕೊಟ್ಟವ, ಒಂದೇ ಸೀಸನ್‌ನಲ್ಲಿ 369 ರೈಡ್ ಅಂಕ ಹೊಡೆದವ. ಅದಕ್ಕಿಂತ ಹೆಚ್ಚಾಗಿ, ಎರಡನೇ ಸೀಸನ್‌ನಲ್ಲಿ ಅವನು ಮೊದಲು ಕಾಲಿಟ್ಟದ್ದೇ ಬುಲ್ಸ್‌ನಲ್ಲಿ. ಮನೆಗೆ ವಾಪಸ್ ಬಂದ ಹಾಗೆ ನಮಗೆ. ಹಾಳೆಯ ಮೇಲೆ ದೊಡ್ಡದಾಗಿ ಬರೆದೆವು: "ಪ್ರದೀಪ್, ಕಣ್ಣು ಮುಚ್ಚಿ ನಾಯಕ."

ಅಕ್ಟೋಬರ್ 18, ಹೈದರಾಬಾದ್, ಮೊದಲ ಪಂದ್ಯ. ಎದುರಿಗೆ ತೆಲುಗು ಟೈಟನ್ಸ್, ಅದರ ನಾಯಕ ನಮ್ಮ ಹಳೆಯ ಪವನ್. ಲೆಕ್ಕ ಗೊತ್ತಿದ್ದವರು ಪವನ್‌ನನ್ನು ನಾಯಕ ಮಾಡಿದರು. ನಾವು ಮಾಡಲಿಲ್ಲ, ಬುಲ್ಸ್ ಬಿಟ್ಟು ಹೋದವನಿಗೆ ಎರಡು ಪಟ್ಟು ಅಂಕ ಕೊಡುವುದು ಹೇಗೆ? ಪವನ್ ಸೂಪರ್ ಟೆನ್ ಹೊಡೆದ, ಟೈಟನ್ಸ್ ಗೆದ್ದಿತು. ಪ್ರದೀಪ್‌ಗೆ ಏನೂ ಕೈಗೂಡಲಿಲ್ಲ. ಬೈಂದೂರಿನವ "ಒಂದ್ ಪಂದ್ಯ ಕಂಡ್ ಎಂತ ಹೇಳುಕ್ ಆತ್ತ್ ಮಾರಾಯ" ಅಂದ. ಹಾಳೆ ಬದಲಾಗಲಿಲ್ಲ. ಇಡೀ ಸೀಸನ್ ಬದಲಾಗಲಿಲ್ಲ. ಬುಲ್ಸ್ 22 ಪಂದ್ಯದಲ್ಲಿ ಗೆದ್ದದ್ದು ಎರಡು. ಪಟ್ಟಿಯಲ್ಲಿ ಕಟ್ಟಕಡೆಯ ಸ್ಥಾನ.

ನಮ್ಮಿಬ್ಬರಿಗೆ ಅದು ಬರೀ ಬೇಜಾರು. ಪಾಯಿಂಟ್ ಹೋದರೆ ಹೋಯಿತು. ಬ್ರಹ್ಮಾವರದವನಿಗೆ ಹಾಗಿರಲಿಲ್ಲ, ಅದು ನಮಗೆ ಗೊತ್ತೂ ಇರಲಿಲ್ಲ. ನವೆಂಬರ್‌ನಲ್ಲಿ ಅವ ಮೆಸ್ಸಿಗೆ ಬರುವುದು ಕಡಿಮೆ ಮಾಡಿದ. ಕೇಳಿದರೆ ಹೊಟ್ಟೆ ಸರಿಯಿಲ್ಲ ಅನ್ನುತ್ತಿದ್ದ. ಪಂದ್ಯ ನೋಡುವಾಗ ನಾವು ಕೂಗಾಡುತ್ತಿದ್ದರೆ ಅವ ಗೋಡೆಗೆ ಒರಗಿ ಫೋನ್ ನೋಡುತ್ತಾ ಕೂರುತ್ತಿದ್ದ. ಒಂದು ದಿನ ಮೆಸ್ ಬಾಕಿ ಪಟ್ಟಿಯಲ್ಲಿ ಅವನ ಹೆಸರು ಬಂತು, ಅದರ ಮರುವಾರ ಪರೀಕ್ಷಾ ಶುಲ್ಕ ಕಟ್ಟದವರ ಪಟ್ಟಿಯಲ್ಲೂ ಬಂತು. ರಾತ್ರಿ ಟೆರೇಸಿಗೆ ಕರೆದುಕೊಂಡು ಹೋಗಿ ಕೇಳಿದೆವು. ತುಂಬಾ ಹೊತ್ತು ಸುಮ್ಮನಿದ್ದು ಹೇಳಿದ: ಹನ್ನೊಂದು ಸಾವಿರ ಹೋಗಿದೆ. ಐವತ್ತು, ನೂರು, ಆಮೇಲೆ ಹೋದದ್ದನ್ನು ಹಿಡಿಯಲು ಐನೂರು. ಪ್ರತಿ ಪಂದ್ಯಕ್ಕೂ ಬುಲ್ಸ್‌ನ ರೈಡರೇ ನಾಯಕ.

"ನಿಂಗೆ ಯಾರ್ ಹೇಳದ್ದ್ ಹಾಗ್ ಹಾಕುಕೆ?" ಅಂತ ಬೈಂದೂರಿನವ ರೇಗಿದ.

"ನೀವ್ ಬರ್ದದ್ ಕಂಡೇ ಹಾಕದ್ದ್" ಅಂದ.

ಅದಕ್ಕೆ ನಮ್ಮಲ್ಲಿ ಉತ್ತರ ಇರಲಿಲ್ಲ. ನಾವು ಹಣ ಹಾಕಿರಲಿಲ್ಲ ನಿಜ. ಆದರೆ ಹಾಳೆ ನಮ್ಮದು, ಅಕ್ಷರ ನಮ್ಮದು. "ಕಣ್ಣು ಮುಚ್ಚಿ" ಅಂತ ಬರೆದವರೂ ನಾವೇ. ಅವ ಮತ್ತೆ ಕೇಳಿದ್ದು ಒಂದೇ, "ಮನೆಯಲ್ ಮಾತ್ರ ಹೇಳ್ಬೇಡಿ ಮಾರಾಯ್ರೆ." ಅವನ ಅಪ್ಪಯ್ಯ ರಿಕ್ಷಾ ಓಡಿಸುತ್ತಾರೆ. ನಾವು ಹೇಳಲಿಲ್ಲ. ಸರಿಯೋ ತಪ್ಪೋ ಇವತ್ತಿಗೂ ಗೊತ್ತಿಲ್ಲ. ಶುಲ್ಕವನ್ನು ಸೇರಿಸಿ ಕಟ್ಟಿದೆವು, ಸಾಲ ತೀರಿಸಲು ಏಪ್ರಿಲ್, ಮೇ ತಿಂಗಳಲ್ಲಿ ಮೂವರೂ ಊರಲ್ಲಿ ಕೇಟರಿಂಗ್‌ನವರ ಜೊತೆ ಮದುವೆ ಮನೆಗಳಲ್ಲಿ ಬಡಿಸಲು ಹೋದೆವು. ಒಂದು ಹಾಲ್‌ನಲ್ಲಿ ನಮ್ಮದೇ ವಿಭಾಗದ ಲೆಕ್ಚರರ್ ಒಬ್ಬರು ಪಂಕ್ತಿಯಲ್ಲಿ ಕೂತಿದ್ದರು. ಪಾಯಸ ಹಾಕಿ ಓಡಿದೆವು.

ಆ ರಜೆಯಲ್ಲೇ ಬೈಂದೂರು ಕಡೆಯ ಒಂದು ಪಂದ್ಯಾಟಕ್ಕೆ ಹೋದದ್ದು. ಬೈಂದೂರಿನವನ ಅಣ್ಣ ಆಡುತ್ತಿದ್ದ, ಊರ ತಂಡದ ಮುಖ್ಯ ದಾಳಿಗಾರ. ಮೊದಲ ಐದು ನಿಮಿಷದಲ್ಲೇ ಸಿಕ್ಕಿಬಿದ್ದು ಹೊರಗೆ ಕೂತ. ಕೂತವ ಕೂತೇ ಇದ್ದ. ಒಳಗಿದ್ದವರು ಬೋನಸ್ ತಂದರು, ಅದಕ್ಕೆ ಹೊರಗಿದ್ದವ ಒಳಗೆ ಬರಲಿಕ್ಕಿಲ್ಲ. ಎದುರಿನವರಲ್ಲಿ ಒಬ್ಬನನ್ನು ಔಟ್ ಮಾಡಿದರೆ ಮಾತ್ರ ನಮ್ಮವ ಒಬ್ಬ ಬರಬಹುದು, ಅದೂ ಮೊದಲು ಔಟಾದವ ಮೊದಲು. ಏಳೂ ಜನ ಔಟಾದರೆ ಎಲ್ಲರೂ ವಾಪಸ್, ಆದರೆ ಎದುರಾಳಿಗೆ ಎರಡು ಅಂಕ ಹೆಚ್ಚುವರಿ. ಕೊನೆಗೆ ಎಡ ಮೂಲೆಯಲ್ಲಿದ್ದ ಒಬ್ಬ ಸಣಕಲ ಹುಡುಗ ಎದುರಿನ ರೈಡರ್‌ನ ಕಣಕಾಲು ಹಿಡಿದು ಬಿಡಲೇ ಇಲ್ಲ. ಅಣ್ಣ ಎದ್ದು ಒಳಗೆ ಹೋದ. ಆಮೇಲೆ ಅವನು ತಂದ ಅಂಕ ಇಡೀ ಊರಿಗೆ ನೆನಪಿದೆ. ಪಂದ್ಯ ಮುಗಿದ ಮೇಲೆ ಅಷ್ಟು ಹೊತ್ತು ಹೊರಗೆ ಕೂತದ್ದರ ಬಗ್ಗೆ ಕೇಳಿದ್ದಕ್ಕೆ ಅಣ್ಣ ಹೇಳಿದ್ದು: "ಹೊರಗ್ ಕೂತವ ಎಂತ ಮಾಡುಕ್ ಆತ್ತ್? ಒಳಗಿದ್ದವ್ರ್ ಹಿಡಿದ್ರೆ ಒಳಗ್ ಬತ್ತ."

ಬೈಂದೂರಿನವ ಮೆಕ್ಯಾನಿಕಲ್. ಬಸ್ಸಲ್ಲಿ ವಾಪಸ್ ಬರುವಾಗ ಟಿಕೆಟ್ ಹಿಂದೆ ಲೆಕ್ಕ ಬರೆದ. ಮಷಿನ್ ಎಷ್ಟು ಹೊತ್ತು ಕೆಡದೆ ಓಡುತ್ತದೆ ಅನ್ನುವುದು ಎಂಟಿಬಿಎಫ್, ಕೆಟ್ಟ ಮೇಲೆ ರಿಪೇರಿಯಾಗಲು ಎಷ್ಟು ಹೊತ್ತು ಅನ್ನುವುದು ಎಂಟಿಟಿಆರ್. ಮೊದಲನೆಯದನ್ನು ಎರಡರ ಮೊತ್ತದಿಂದ ಭಾಗಿಸಿದರೆ ಲಭ್ಯತೆ. ನಾವು ಬರೆಯುತ್ತಿದ್ದದ್ದು ರೈಡರ್ ಎಷ್ಟು ಚೆನ್ನಾಗಿ ಓಡುತ್ತಾನೆ ಅಂತ ಮಾತ್ರ. ಎರಡನೆಯ ಸಂಖ್ಯೆಯನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ, ಅದು ಇರುವುದು ರೈಡರ್‌ನ ಕೈಯಲ್ಲಲ್ಲ, ಉಳಿದವರ ಕೈಯಲ್ಲಿ. (ಅವ ಭಾಗಾಕಾರವನ್ನು ಉಲ್ಟಾ ಮಾಡಿದ್ದ, ಉತ್ತರ ಒಂದಕ್ಕಿಂತ ಜಾಸ್ತಿ ಬಂತು. ಆ ಸಬ್ಜೆಕ್ಟಲ್ಲಿ ಅವನಿಗೆ ಬಂದ ಮಾರ್ಕ್ಸ್ ಇಲ್ಲಿ ಬೇಡ.) ನಲವತ್ತು ನಿಮಿಷದ ಪಂದ್ಯದಲ್ಲಿ ಹದಿನೈದು ನಿಮಿಷ ಬೆಂಚಲ್ಲಿರುವ ಪ್ರದೀಪ್ ನರ್ವಾಲ್‌ಗಿಂತ ಪೂರ್ತಿ ಮ್ಯಾಟ್ ಮೇಲಿರುವ ಸಾಧಾರಣ ರೈಡರ್ ಹೆಚ್ಚು ಅಂಕ ತರಬಹುದು. ಸೋಲುವ ತಂಡದಲ್ಲಿ ಎಷ್ಟೇ ದೊಡ್ಡ ರೈಡರ್ ಆದರೂ ಬೆಂಚಿಗೆ ಹತ್ತಿರ.

ಮುಂದಿನ ಹರಾಜಿನಲ್ಲಿ ಪ್ರದೀಪ್‌ನನ್ನು ಯಾರೂ ಕೊಳ್ಳಲಿಲ್ಲ. ಅದಾದ ಮೇಲೆ ಅವನು ನಿವೃತ್ತಿ ಘೋಷಿಸಿದ. ನಮ್ಮ ಹಾಳೆ ಆಗಲೂ ಬಾಗಿಲ ಹಿಂದೆಯೇ ಇತ್ತು.

2025ರ ಆಗಸ್ಟ್ 22ರಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳ ನಿಷೇಧದ ಮಸೂದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು, ಈ ಸಲ ಇಡೀ ದೇಶಕ್ಕೆ. ಒಂದು ವಾರದ ನಂತರ, 29ಕ್ಕೆ ವಿಶಾಖಪಟ್ಟಣದಲ್ಲಿ 12ನೇ ಸೀಸನ್ ಶುರು. ನಡುವೆ 27ಕ್ಕೆ ಚೌತಿ. ಮೂವರೂ ಊರಲ್ಲಿದ್ದೆವು. ಬ್ರಹ್ಮಾವರದವನ ಮನೆಯಲ್ಲಿ ಕಡುಬು ತಿಂದು ಚಾವಡಿಯಲ್ಲಿ ಕೂತಾಗ ಅವನೇ ನೋಟ್‌ಬುಕ್ ತಂದ. ಪೆನ್ನು ಪೇಪರಲ್ಲಿ ಆಡೋಣ ಅಂದ.

ಹಾಗೆ ನೋಡಿದರೆ ಈ ಆಟ ಹುಟ್ಟಿದ್ದೇ ಪೆನ್ನು ಪೇಪರಲ್ಲಿ. 1962ರಲ್ಲಿ ಓಕ್ಲೆಂಡ್ ರೈಡರ್ಸ್ ಅನ್ನುವ ಅಮೆರಿಕನ್ ಫುಟ್‌ಬಾಲ್ ತಂಡದ ಪಾಲುದಾರ ಬಿಲ್ ವಿಂಕೆನ್‌ಬಾಕ್ ಮತ್ತು ಕೆಲವರು ನ್ಯೂಯಾರ್ಕ್‌ನ ಹೋಟೆಲೊಂದರಲ್ಲಿ ಕೂತು ನಿಯಮ ಬರೆದರಂತೆ. ಹೆಸರೇ ರೈಡರ್ಸ್! ಆ ವರ್ಷ ಅವರ ತಂಡ 14 ಪಂದ್ಯದಲ್ಲಿ 13 ಸೋತಿತ್ತು. ನಮ್ಮ ಬುಲ್ಸ್ ನೆನಪಾಗದೆ ಇರುತ್ತದಾ?

ಹೊಸ ಹಾಳೆಯಲ್ಲಿ ಆಕಾಶ್ ಶಿಂದೆಯನ್ನು ಮೊದಲು ಬರೆದೆವು, ಇರಾನಿನ ಅಲಿರೆಝಾ ಮಿರ್ಜಾಯಿಯನ್‌ನನ್ನು ಕೊನೆಗೆ. ಸೀಸನ್ ಮುಗಿಯುವಾಗ ಪೂರ್ತಿ ಉಲ್ಟಾ, ಬುಲ್ಸ್‌ನ ರೈಡಿಂಗ್ ಹೊತ್ತವನೇ ಅಲಿರೆಝಾ. ತಂಡ ಪ್ಲೇಆಫ್‌ಗೆ ಹೋಗಿ ಅಲ್ಲಿ ತೆಲುಗು ಟೈಟನ್ಸ್‌ಗೆ ಸೋತಿತು. ನಮ್ಮ ಅಂದಾಜು ಈ ಸಲವೂ ತಪ್ಪು, ಆದರೆ ಸೋತವ ಗೋಳಿಬಜೆ ಕೊಡಿಸಬೇಕು ಅನ್ನುವುದಷ್ಟೇ ಪಂದ್ಯ.

ಆ ಚೌತಿಯ ದಿನ ಬ್ರಹ್ಮಾವರದವ ತನ್ನ ಪಟ್ಟಿಯನ್ನು ಕೈ ಅಡ್ಡ ಹಿಡಿದು ಬರೆದ. ಎಳೆದು ನೋಡಿದರೆ ನಾಯಕನ ಜಾಗದಲ್ಲಿ ರೈಡರ್ ಇಲ್ಲ, ಎಡ ಮೂಲೆಯ ಡಿಫೆಂಡರ್ ಅಂಕುಶ್ ರಾಠಿ. ಎರಡು ಪಟ್ಟು ಅಂಕ ದಂಡ ಮಾಡ್ತೆಯಲ್ಲ ಅಂತ ನಾವು ನಕ್ಕೆವು. ಅವ ನಗಲಿಲ್ಲ, ನೋಟ್‌ಬುಕ್ ಮುಚ್ಚಿಟ್ಟು ಇನ್ನೆರಡು ಕಡುಬು ತರಲು ಒಳಗೆ ಹೋದ.