ಗೋದಡಿಯ ಲೆಕ್ಕ

ಬನಶಂಕರಿಯ ನಮ್ಮ ಮನೆಯಲ್ಲಿ ಅಮ್ಮಿ ಇಂದಿಗೂ ಕೌದಿ ಹೊಲಿದು ಮಾರುತ್ತಾರೆ. ನಮ್ಮ ಮನೆಮಾತಿನಲ್ಲಿ ಅದು ಗೋದಡಿ. ಮೇಲ್ಪದರಕ್ಕೆ ಜಯನಗರ 4ನೇ ಬ್ಲಾಕಿನಿಂದ ಹೊಸ ಹತ್ತಿ ಬಟ್ಟೆ ತರುವುದು ರೂಢಿಯಾಗಿತ್ತು. 2022ರ ಮೇ ತಿಂಗಳಲ್ಲಿ ಒಂದು ಕ್ಯಾಂಡಿ, ಅಂದರೆ 356 ಕಿಲೋ ಹತ್ತಿಯ ಬೆಲೆ ಲಕ್ಷ ರೂಪಾಯಿ ದಾಟಿತು. ಅದರ ಬಿಸಿ ಅಮ್ಮಿಯ ಸೂಜಿಗೂ ತಟ್ಟಿತು. ಮುಂದೆ ಹತ್ತಿಯ ದರ ಇಳಿಯಿತು; ನಾವು ಕೊಳ್ಳುವ ಬಟ್ಟೆಯದು ಇಳಿಯಲಿಲ್ಲ.

ಅಮ್ಮಿ ಹೊಸ ಬಟ್ಟೆ ಕೈಬಿಟ್ಟರು. ಟೈಲರ್ ಅಂಗಡಿಯ ಚೂರುಗಳು, ನೆಂಟರ ಹಳೆಯ ಸೀರೆಗಳು, ಅಬ್ಬಾ ಉಟ್ಟು ಸವೆದ ಲುಂಗಿಗಳು ಗೋದಡಿಯಾದವು. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹಳೆಯ ಬಟ್ಟೆಯಿಂದಲೇ ಕೌದಿ ಹೊಲಿಯುತ್ತ ಬಂದವರಲ್ಲವೇ? ಆದರೆ ಇಂದು ಹಳೆಯ ಬಟ್ಟೆಯಲ್ಲಿ ಪಾಲಿಯೆಸ್ಟರ್ ಬೆರೆತಿರುತ್ತದೆ, ಬೆವರು ಹೀರುವುದಿಲ್ಲ. ಹತ್ತಿಯನ್ನು ಆರಿಸುವುದೇ ಅರ್ಧ ದಿನದ ಕೆಲಸ.

"ಹಳೇ ಬಟ್ಟೆ ತಾನೇ, ಕಡಿಮೆ ಮಾಡ್ಕೊಳ್ಳಿ" ಎನ್ನುತ್ತಾರೆ ಕೊಳ್ಳುವವರು. ಹೊಸ ಬಟ್ಟೆ ಹಾಕಿದಾಗ ದುಬಾರಿ ಎಂದವರೂ ಇವರೇ. ಎರಡೂ ಸಲ ಕಡಿತವಾದದ್ದು ಹೊಲಿದವಳ ಕೂಲಿ. ಈಗ ಪ್ರತಿ ಗೋದಡಿಯ ಜೊತೆ ನಾನೊಂದು ಚೀಟಿ ಇಡುತ್ತೇನೆ: ಬಟ್ಟೆಗೆ ಇಷ್ಟು, ದಾರಕ್ಕೆ ಇಷ್ಟು, ಹದಿನೈದು ದಿನದ ದುಡಿಮೆಗೆ ಇಷ್ಟು. ಕೆಲವರು ಓದಿ ಸುಮ್ಮನೆ ಹೊರಟುಹೋಗುತ್ತಾರೆ. ಕೆಲವರು ಪೂರ್ತಿ ಕೊಡುತ್ತಾರೆ. ಚೌಕಾಸಿ ಮಾಡುವವರು ಇನ್ನು ಮುಂದೆ ಯಾವ ಸಾಲಿನಲ್ಲಿ ಕಡಿಮೆ ಮಾಡಬೇಕೆಂದು ತಾವೇ ಹೇಳಲಿ.